ಒಬ್ಬರಿಗೆ ಕೊಡದ ಪಿಕ್ಚರು

ಟಿವಿ ಹಚ್ಚಿದ ಕೂಡಲೇ ಅದು ನನ್ನನ್ನು ಒಂದು ಪ್ರಶ್ನೆ ಕೇಳುತ್ತದೆ. ಕೇಳುವುದು ಇಂಗ್ಲಿಷಿನಲ್ಲಿ, ನಮ್ಮ ಮಾತಿನಲ್ಲಿ ಹೇಳುವುದಾದರೆ 'ಯಾರು ನೋಡ್ತಾ ಇರೋದು?' ಎಂದು. ಪ್ರಶ್ನೆಯ ಕೆಳಗೆ ಎರಡು ಗೊಂಬೆ ಮುಖಗಳಿವೆ. ಒಂದರಡಿ ನನ್ನ ಹೆಸರಿದೆ, ಇನ್ನೊಂದರಡಿ 'ಅಣ್ಣ' ಎಂದಿದೆ. ನಾನು ನನ್ನ ಮುಖವನ್ನು ಒತ್ತಿ ಒಳಗೆ ಹೋಗುತ್ತೇನೆ. ಇನ್ನೊಂದನ್ನು ಅಳಿಸುವುದು ಹೇಗೆಂದು ತಮ್ಮನ ಮಗಳು ಫೋನಿನಲ್ಲಿ ಹೇಳಿಕೊಟ್ಟು ಎಷ್ಟೋ ದಿನವಾಯಿತು. ಗೊತ್ತಾಯಿತು ಬಿಡು ಅಂದೆ. ಅಳಿಸಲಿಲ್ಲ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸಿನಿಮಾ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವರು. ಊರಿಗೆಲ್ಲ ಅವರು ಕ್ಯಾಸೆಟ್ಟಣ್ಣ. ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಡಿವಿಡಿ ಬಂತು, ಅವರು ಮಾತ್ರ ಕ್ಯಾಸೆಟ್ಟಣ್ಣನಾಗಿಯೇ ಉಳಿದರು. ಅವರ ಸ್ವಂತ ಹೆಸರನ್ನು ನಾನು ಮೊದಲು ಓದಿದ್ದು ಅವರು ತೀರಿಕೊಂಡಾಗ ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ. ದೊಡ್ಡ ಮನೆತನದ, ಮಠದ ಅಯ್ಯನವರು ಇಟ್ಟಂಥ ಗಂಭೀರವಾದ ಹೆಸರು. ಯಾರದೋ ಹೆಸರನ್ನು ತಪ್ಪಿ ಅವರ ಫೋಟೋದ ಕೆಳಗೆ ಬರೆದಿದ್ದಾರೆ ಅನ್ನಿಸಿತು. ಹಾಗಾಗಿ ಅದನ್ನು ಇಲ್ಲಿ ಬರೆಯುವ ಮನಸ್ಸಿಲ್ಲ.

ಸಣಕಲು ಆಳು. ಹಣೆಯ ತುಂಬ ವಿಭೂತಿ, ಮಾಸಿದರೂ ಮಡಿಕೆ ಕೆಡದ ಬಿಳಿ ಅಂಗಿ. ಜೇಬಿನಲ್ಲಿ ಸದಾ ಒಂದು ಹಳೆಯ ಬನಿಯನ್ನಿನ ತುಂಡು. ಸೀಡಿ ಕೊಡುವ ಮೊದಲು ಅದರ ಮೇಲೆ ಹಾ ಎಂದು ಉಸಿರು ಬಿಟ್ಟು, ಆ ತುಂಡಿನಿಂದ ನಡುವಿನಿಂದ ಅಂಚಿಗೆ ಒರೆಸಿ, ಬೆಳಕಿಗೆ ಹಿಡಿದು ನೋಡುವರು. ಹಿಂದೆ ಕ್ಯಾಸೆಟ್ಟಿನ ಕಾಲದಲ್ಲಿ ಕಿರುಬೆರಳನ್ನು ಅದರ ತೂತಿಗೆ ಹಾಕಿ ಒಂದು ಸುತ್ತು ತಿರುಗಿಸಿ, ಟೇಪು ಬಿಗಿಯಾಗಿದೆಯೇ ಎಂದು ನೋಡುತ್ತಿದ್ದರು. ಕ್ಯಾಸೆಟ್ಟುಗಳು ಹೋದ ಮೇಲೂ ಆ ಕಿರುಬೆರಳು ಸುಮ್ಮನಿರಲಿಲ್ಲ. ಮಾತಾಡುತ್ತ ಗಾಳಿಯಲ್ಲೇ ಏನನ್ನೋ ಸುತ್ತುತ್ತಿತ್ತು.

ಅರಣ್ಯ ಇಲಾಖೆಯಲ್ಲಿ ಎಸ್‌ಡಿಎ ಆಗಿ ನನ್ನನ್ನು ಗುಂಡ್ಲುಪೇಟೆಗೆ ಹಾಕಿದಾಗ ಕ್ಯಾಸೆಟ್ಟುಗಳ ಕೊನೆಗಾಲ. ಚಾಮರಾಜನಗರದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಹೋಗಿಬಿಟ್ಟಿದ್ದರು, ತಮ್ಮ ಬೇರೆ ಊರು ಸೇರಿದ್ದ. ಗುಂಡ್ಲುಪೇಟೆಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದೆ, ಕೆಳಗೆ ಮನೆಯ ಯಜಮಾನರು. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು, ಭಾನುವಾರ ಮಾತ್ರ ಮುಗಿಯುತ್ತಿರಲಿಲ್ಲ. ಬಟ್ಟೆ ಒಗೆದು, ಒಣಹಾಕಿ, ಒಣಗಿದ್ದನ್ನು ಮಡಿಸಿಟ್ಟರೂ ಹೊತ್ತು ಇಳಿಯುತ್ತಿರಲಿಲ್ಲ. ಸಂಬಳ ಉಳಿಸಿ ಟಿವಿಯನ್ನೂ ಕ್ಯಾಸೆಟ್ಟು ಹಾಕುವ ಡೆಕ್ಕನ್ನೂ ಕೊಂಡು, ಒಂದು ಶನಿವಾರ ಕಚೇರಿಯಿಂದ ನೇರ ಕ್ಯಾಸೆಟ್ಟಿನ ಅಂಗಡಿಗೆ ಹೋದೆ.

ನಾನು ಕೇಳಿದ್ದು ಒಂದು ಹಳೆಯ ಕಪ್ಪು ಬಿಳುಪು ಚಿತ್ರ. ಚಿಕ್ಕವಳಿದ್ದಾಗ ಅಮ್ಮ ಅದರ ಕಥೆ ಹೇಳುತ್ತಿದ್ದಳು. ಕೊನೆಯ ಭಾಗಕ್ಕೆ ಬಂದಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮುಂದಿನದು ನೀನೇ ನೋಡುವಿಯಂತೆ ಎಂದು ಎದ್ದುಬಿಡುತ್ತಿದ್ದಳು. ನೋಡುವ ಮೊದಲೇ ಅವಳು ಹೋದಳು. ಅಣ್ಣ ಕಪಾಟಿನಿಂದ ಕ್ಯಾಸೆಟ್ಟು ತೆಗೆದರು, ಕಿರುಬೆರಳಿನಿಂದ ಒಂದು ಸುತ್ತು ಸುತ್ತಿದರು. ಆಮೇಲೆ ಕೇಳಿದರು.

"ಯಾರ್ ಯಾರು ನೋಡೀರಿ?"

ಒಬ್ಬಳೇ ಕೋಣೆ ಮಾಡಿಕೊಂಡಿದ್ದ ಹೆಂಗಸನ್ನು ಅಂಗಡಿಯವರೊಬ್ಬರು ಹೀಗೆ ಕೇಳಿದರೆ ಏನೆಂದುಕೊಳ್ಳಬೇಕು? ಅದು ನಿಮಗೆ ಯಾಕೆ ಅಂದೆ. ಅವರು ತಡವರಿಸಲಿಲ್ಲ, ಎಲ್ಲರನ್ನೂ ಕೇಳುತ್ತೇನೆ ಎಂದರು. ಒಬ್ಬಳೇ ಎಂದು ಒರಟಾಗಿ ಹೇಳಿದೆ. ಕ್ಯಾಸೆಟ್ಟನ್ನು ಮತ್ತೆ ಕಪಾಟಿಗೆ ಇಟ್ಟುಬಿಟ್ಟರು.

"ಇದ ಒಬ್ರಿಗೆ ಕೊಡದಿಲ್ಲ ಕಣವ್ವ. ಇಬ್ರಾದಾಗ ಬನ್ನಿ."

ನನ್ನ ಮದುವೆಯ ಚಿಂತೆಯನ್ನು ಊರಿನವರೆಲ್ಲ ಹೊತ್ತುಕೊಂಡಿದ್ದ ಕಾಲ ಅದು. ಈ ಕ್ಯಾಸೆಟ್ಟಿನವರಿಗೂ ಅದೇ ರೋಗ ಹತ್ತಿತೇ ಎಂದು ಮೈ ಉರಿಯಿತು. ಏನನ್ನೂ ತೆಗೆದುಕೊಳ್ಳದೆ ಬಂದೆ. ಆ ಅಂಗಡಿಯ ಕಡೆ ಮತ್ತೆ ಹೋಗುವುದಿಲ್ಲ ಎಂದು ಶಪಥವನ್ನೂ ಮಾಡಿದೆ. ಆದರೆ ಗುಂಡ್ಲುಪೇಟೆಯಲ್ಲಿ ಆಗ ನನಗೆ ಗೊತ್ತಿದ್ದುದು ಅದೊಂದೇ ಅಂಗಡಿ, ಭಾನುವಾರವೋ ವಾರ ವಾರವೂ ಬರುತ್ತಿತ್ತು. ಹೆಚ್ಚು ದಿನ ತಡೆಯಲಾಗಲಿಲ್ಲ.

ಎರಡನೆಯ ಸಲ ಹೋದಾಗ ನನ್ನ ಮುಂದೆ ನಿಂತಿದ್ದ ಪಂಚೆಯ ಮುದುಕರನ್ನೂ ಅದೇ ಪ್ರಶ್ನೆ ಕೇಳುವುದು ಕಿವಿಗೆ ಬಿತ್ತು. ಮುದುಕರು ಬೆರಳು ಮಡಚುತ್ತ ಮನೆಯವರ ಲೆಕ್ಕ ಒಪ್ಪಿಸಿದರು. ಸೊಸೆ ಬಸುರಿ ಎಂದು ಕೇಳಿ ಅಣ್ಣ, ಮುದುಕರು ಆರಿಸಿಕೊಂಡಿದ್ದ ಹೊಡೆದಾಟದ ಚಿತ್ರವನ್ನು ಒಳಗಿಟ್ಟು ಬೇರೆ ಕೊಟ್ಟರು. ಮುದುಕರು ಅದನ್ನೇ ಚೀಲಕ್ಕೆ ಹಾಕಿಕೊಂಡು ಹೋದರು. ಅವರ ಅಂಗಡಿಯ ಪದ್ಧತಿಯೇ ಅದು ಎಂದು ಆಗ ತಿಳಿಯಿತು. ಯಾರು ಯಾರು ನೋಡುತ್ತಾರೆ ಎಂದು ತಿಳಿಯದೆ ಅವರು ಚಿತ್ರ ಕೊಡುತ್ತಿರಲಿಲ್ಲ. ನನಗೆ ಒಂದು ನಗಿಸುವ ಚಿತ್ರ ಕೊಟ್ಟರು.

ಅಂಗಡಿಯ ಗೋಡೆಯ ಮೇಲೆ ಅವರೇ ಬಣ್ಣದಲ್ಲಿ ಬರೆದ ಒಂದು ಬೋರ್ಡಿತ್ತು: ದಯವಿಟ್ಟು ರಿವೈಂಡ್ ಮಾಡಿ ಕೊಡಿ. ನೋಡಿ ಮುಗಿಸಿದ ಮೇಲೆ ಟೇಪನ್ನು ಮೊದಲಿಗೆ ಸುತ್ತಿ ತರಬೇಕು. ಹೊಸಬಳಾದ ನಾನು ಮರೆತು, ಸುತ್ತದೆಯೇ ತಂದುಕೊಟ್ಟೆ. ಅವರು ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಕಡೆಯ ಟೇಪಿನ ದಪ್ಪ ನೋಡಿ, ಅರ್ಧಕ್ಕೇ ನಿಲ್ಲಿಸಿಬಿಟ್ಟಿರಲ್ಲ, ನಗು ಬರಲಿಲ್ಲವೇ ಎಂದು ಕೇಳಿದರು. ನನ್ನ ಕೋಣೆಯೊಳಗೆ ಇಣುಕಿ ನೋಡಿದಂತೆ ಆಯಿತು ನನಗೆ. ನಗು ಬಂತು, ಒಬ್ಬಳೇ ಕೂತು ನಗುವುದಕ್ಕೆ ನಾಚಿಕೆಯಾಯಿತು ಎಂದುಬಿಟ್ಟೆ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು. ಅವರು ನಗಲಿಲ್ಲ. ಕ್ಯಾಸೆಟ್ಟನ್ನು ತಾವೇ ಯಂತ್ರಕ್ಕೆ ಹಾಕಿ ಹಿಂದಕ್ಕೆ ಸುತ್ತಿದರು. ಅದು ಸುಯ್ಯೆಂದು ಸುತ್ತಿ ಟಕ್ಕೆಂದು ನಿಂತಿತು.

"ಮುಂದ್ನೋರು ಮೊದ್ಲಿಂದ ನೋಡ್ಬೇಕಲ್ವ," ಎಂದರು.

ಮುಂದಿನ ಶನಿವಾರ ಒಂದು ಪೌರಾಣಿಕ ಚಿತ್ರ ಕೊಟ್ಟು, ಕೆಳಗಿನ ಮನೆಯ ಅಜ್ಜಿಯನ್ನು ಕೂರಿಸಿಕೊಂಡು ನೋಡಬೇಕೆಂದು ತಾಕೀತು ಮಾಡಿದರು. ಆ ಅಜ್ಜಿ ಅಂಗಡಿಗೆ ಬಂದವರಲ್ಲ. ಅವರು ಇರುವುದು ಇವರಿಗೆ ಹೇಗೆ ಗೊತ್ತೋ, ಸಣ್ಣ ಊರು. ಅಜ್ಜಿ ಬಂದರು, ಬಂದವರು ಚಿತ್ರ ಮುಗಿಯುವವರೆಗೂ ಬಾಯಿ ಮುಚ್ಚಲಿಲ್ಲ. ದೇವರು ಪ್ರತ್ಯಕ್ಷನಾದಾಗಲೆಲ್ಲ ನನ್ನ ಕೈ ಹಿಡಿದು ನನ್ನಿಂದಲೂ ಕೈ ಮುಗಿಸುವರು. ಒಂದು ಮಾತೂ ಸರಿಯಾಗಿ ಕೇಳಲಿಲ್ಲ. ಆದರೆ ಆ ಭಾನುವಾರ ಎಲ್ಲಿ ಹೋಯಿತೋ ನನಗೆ ತಿಳಿಯಲೇ ಇಲ್ಲ.

ಅವರ ಈ ತಲೆಹರಟೆಯ ಕಥೆಗಳು ಊರಲ್ಲಿ ಬೇಕಾದಷ್ಟಿದ್ದವು. ಸೀಡಿ ಬಂದ ಮೇಲೆ ಒಂದು ಚಿತ್ರ ಎರಡು ಸೀಡಿಗಳಲ್ಲಿ ಬರುತ್ತಿತ್ತಲ್ಲ, ಮೊದಲ ಅರ್ಧ ಒಂದರಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಹೆಂಡತಿಯೊಡನೆ ಜಗಳ ಆಡಿಕೊಂಡಿದ್ದ ತರಕಾರಿ ಮಂಡಿಯವನೊಬ್ಬ ಬಂದು, ಯಾರ್ ಯಾರು ನೋಡೀರಿ ಎಂದರೆ ನಾನೊಬ್ಬನೇ ಎಂದನಂತೆ. ಎಂದೂ ಜೋಡಿಯಾಗಿ ನೋಡುತ್ತಿದ್ದವನು. ಅಣ್ಣ ಅವನ ಕೈಗೆ ಮೊದಲ ಸೀಡಿಯನ್ನಷ್ಟೇ ಕೊಟ್ಟರು. ಎರಡನೆಯದನ್ನು ನಿನ್ನ ಹೆಂಡತಿ ಬಂದು ಇಸಿದುಕೊಳ್ಳಲಿ ಎಂದರು. ಅವನು ಬೈದುಕೊಂಡು ಹೋದ. ಅವಳು ಅಡುಗೆಮನೆಯಿಂದಲೇ ಕದ್ದು ನೋಡಿದ್ದಳೆಂದು ಕಾಣುತ್ತದೆ, ಅರ್ಧಕ್ಕೆ ನಿಂತದ್ದನ್ನು ತಡೆಯಲಾರದೆ ಮಾರನೆಯ ದಿನ ದುಮುದುಮು ಎನ್ನುತ್ತ ಬಂದು ಎರಡನೆಯ ಸೀಡಿ ಕಿತ್ತುಕೊಂಡು ಹೋದಳು. ಹಿಂದಿರುಗಿಸಲು ಬಂದಾಗ ಇಬ್ಬರೂ ಒಂದೇ ಗಾಡಿಯಲ್ಲಿ ಬಂದರು. ಇದನ್ನು ಹೇಳುವಾಗ ಅಣ್ಣನ ಕಿರುಬೆರಳು ಜೋರಾಗಿ ತಿರುಗುತ್ತಿತ್ತು.

ಬಂಡೀಪುರದ ಕಾಡಿನ ಗೇಟನ್ನು ರಾತ್ರಿ ಮುಚ್ಚಲು ಶುರುಮಾಡಿದ ಮೇಲೆ ಕೇರಳದ ಕಡೆಯ ಲಾರಿಗಳು ಹೊತ್ತು ಮೀರಿದರೆ ಗುಂಡ್ಲುಪೇಟೆಯಲ್ಲೇ ನಿಲ್ಲುತ್ತಿದ್ದವು. ಗೇಟು ತಪ್ಪಿದ ಡ್ರೈವರುಗಳು ಬಂದು ಮಲಯಾಳಂ ಚಿತ್ರ ಇದೆಯೇ ಎಂದು ವಿಚಾರಿಸುವರು. ಎಲ್ಲರೂ ಒಬ್ಬೊಬ್ಬರೇ, ನೋಡಲು ಟಿವಿಯಾದರೂ ಎಲ್ಲಿದೆ. ಅಣ್ಣ ಅಂಗಡಿಯ ಟಿವಿಯನ್ನು ಬೀದಿಯ ಕಡೆ ತಿರುಗಿಸಿ, ಸೀಡಿ ಹಾಕಿ, ಹಲಗೆ ಎಳೆದು ಕೂರಿಸುತ್ತಿದ್ದರು. ಮಲಯಾಳಂ ಅವರಿಗೆ ಅಷ್ಟಕ್ಕಷ್ಟೆ. ಚಿತ್ರ ನೋಡುವುದನ್ನು ಬಿಟ್ಟು ಡ್ರೈವರುಗಳ ಮುಖ ನೋಡುತ್ತ ಅವರು ನಕ್ಕಾಗ ತಾವೂ ನಗುತ್ತಿದ್ದುದನ್ನು ಪಕ್ಕದ ಅಂಗಡಿಗೆ ಬೇಳೆ ಕೊಳ್ಳಲು ಹೋದ ನಾನೇ ಕಂಡಿದ್ದೇನೆ.

ಇಷ್ಟೆಲ್ಲ ಆದರೂ ಆ ಕಪ್ಪು ಬಿಳುಪು ಚಿತ್ರವನ್ನು ನನಗೆ ಕೊಡಲೇ ಇಲ್ಲ. ಅಜ್ಜಿಯೊಡನೆ ನೋಡುತ್ತೇನೆ ಎಂದೆ. ಆ ಪ್ರಾಯದವರಿಗೆ ಬೇಡ ಎಂದರು. ಒಂದು ದಿನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಿಜವಾಗಿ ಯಾಕೆ ಕೊಡುವುದಿಲ್ಲ ಹೇಳಿ ಎಂದು ಪಟ್ಟು ಹಿಡಿದೆ. ಆಗ ಹೇಳಿದರು. ಅವರಿಗೆ ಮದುವೆಯಾಗಿತ್ತು. ಮೊದಲ ಹೆರಿಗೆಯಲ್ಲೇ ತಾಯಿ ಮಗು ಎರಡೂ ಹೋದವು. ಆಕೆ ಬಸುರಿಯಾಗಿದ್ದಾಗ ಊರಿಗೆ ಟೆಂಟು ಸಿನಿಮಾ ಬಂದು ಈ ಚಿತ್ರ ಹಾಕಿದ್ದರಂತೆ. ಆಕೆ ಕೇಳಿದರೂ ಇವರು ಗದ್ದೆಯ ಕೆಲಸವೆಂದು ಕರೆದೊಯ್ದಿರಲಿಲ್ಲ. ಆಕೆ ಹೋಗಿ ವರ್ಷಗಳಾದ ಮೇಲೆ ಅಂಗಡಿಗೆಂದು ತರಿಸಿದ ಮೊದಲ ಕ್ಯಾಸೆಟ್ಟುಗಳಲ್ಲಿ ಇದೂ ಬಂತು. ಶೆಟರ್ ಎಳೆದುಕೊಂಡು ಒಬ್ಬರೇ ನೋಡಿದರು.

"ಪಿಕ್ಚರ್ ಮುಗೀತು ಕಣವ್ವ. ತಿರುಗಿ ನೋಡಕೆ ಪಕ್ಕದಲ್ಲಿ ಒಂದು ಮುಖ ಇರ್ನಿಲ್ಲ. ಅದು ಯಾರ್ಗೂ ಬ್ಯಾಡ."

ನಾನು ಆ ಚಿತ್ರವನ್ನು ಮತ್ತೆ ಕೇಳಲಿಲ್ಲ. ಅಲ್ಲಿಂದಾಚೆ ನಾನೂ ಅಣ್ಣ ಎನ್ನತೊಡಗಿದ್ದು ಊರಿನವರು ಅನ್ನುತ್ತಿದ್ದರೆಂದಲ್ಲ, ನನಗೇ ಅನ್ನಿಸಿ.

ಅಂಗಡಿ ಮುಳುಗಿದ್ದು ಒಂದೇ ಏಟಿಗಲ್ಲ. ಕೇಬಲ್ಲಿಗೆ ಒಂದಷ್ಟು ಗಿರಾಕಿಗಳು ಹೋದರು. ಆಮೇಲೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಚಿತ್ರ ತುಂಬಿಕೊಡುವುದು ಶುರುವಾಯಿತು. ನೀವೂ ಅದನ್ನೇ ಮಾಡಿ, ಅಂಗಡಿ ಉಳಿಯುತ್ತದೆ ಎಂದು ಹೇಳಿದವರಲ್ಲಿ ನಾನೂ ಒಬ್ಬಳು. ಅಂಗೈಯಗಲದ ಫೋನಿನಲ್ಲಿ ಇಬ್ಬರು ಹೇಗೆ ನೋಡಿಯಾರು ಎಂದು ತಲೆಯಾಡಿಸಿಬಿಟ್ಟರು. ಅವರ ಅಣ್ಣತಮ್ಮಂದಿರು ಮೊದಲಿಂದಲೂ ಜಮೀನಿರುವ ಮನೆಯವನಿಗೆ ಪಿಕ್ಚರ್ ಅಂಗಡಿ ಯಾಕೆ ಎನ್ನುತ್ತಿದ್ದವರು, ಈಗ ಆ ಮಾತನ್ನು ಇನ್ನೂ ಜೋರಾಗಿ ಅಂದರು. ಕೊನೆಗೊಂದು ದಿನ ಶೆಟರ್ ಎಳೆದರು. ಈಗ ಅಲ್ಲಿ ಬಾಳೆಕಾಯಿ ಚಿಪ್ಸ್ ಕರಿಯುತ್ತಾರೆ, ಊಟಿಗೆ ಹೋಗುವವರು ಕಾರು ನಿಲ್ಲಿಸಿ ಕೊಳ್ಳುತ್ತಾರೆ.

ಸೀಡಿಗಳನ್ನು ಏನು ಮಾಡಿದಿರಿ ಎಂದು ಕೇಳಿದೆ. ಸೂರ್ಯಕಾಂತಿ ಬೆಳೆದವರು ಒಯ್ದರು ಎಂದರು. ಹೊಲದಲ್ಲಿ ದಾರ ಕಟ್ಟಿ ಸೀಡಿಗಳನ್ನು ಇಳಿಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆದು ಗಿಣಿಗಳು ಹತ್ತಿರ ಬರುವುದಿಲ್ಲವಂತೆ. ಒರೆಸಿ ಒರೆಸಿ ಇಟ್ಟುಕೊಂಡಿದ್ದು ಅವು. ನನಗೆ ಸಂಕಟವಾಯಿತು. ಅವರು ಸುಮ್ಮನೆ ನಕ್ಕರು.

ಆ ಹೊತ್ತಿಗೆ ನನ್ನನ್ನು ಚಾಮರಾಜನಗರಕ್ಕೆ ವರ್ಗ ಮಾಡಿದರು. ಅಪ್ಪನ ಮನೆಗೇ ಬಂದೆ, ಮೇಲೊಂದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟೆ, ನಿವೃತ್ತಳೂ ಆದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರು ಒಬ್ಬೊಬ್ಬರಾಗಿ ಇಲ್ಲವಾದರು. ಅವರಿದ್ದಾಗ ಮೈ ಉರಿಯುತ್ತಿತ್ತು. ಈಗ ಅಷ್ಟನ್ನಾದರೂ ಕೇಳುವವರಿದ್ದರೆ ಅನ್ನಿಸುತ್ತದೆ. ತಮ್ಮನ ಮಗಳು ಬಂದು ಗೋಡೆಗೆ ದೊಡ್ಡ ಟಿವಿ ಹಾಕಿಸಿ, ತಿಂಗಳಿಗಿಷ್ಟು ಎಂದು ಕಟ್ಟುವ ಈ ಸಿನಿಮಾದ ಆ್ಯಪನ್ನು ಅದಕ್ಕೆ ತುಂಬಿ ಹೋದಳು. ಅದನ್ನು ದೂರುವ ಹಾಗಿಲ್ಲ. ಗೀರಿಲ್ಲ, ಕಲೆಯಿಲ್ಲ, ತಂದವರು ಹಿಂದಿರುಗಿಸಬೇಕೆಂದಿಲ್ಲ, ಒಬ್ಬಳೇ ಹೆಂಗಸು ಇಂಥದನ್ನು ನೋಡಬಹುದೇ ಎಂದು ಯಾರೂ ಹುಬ್ಬು ಏರಿಸುವುದಿಲ್ಲ. ಗುಂಡ್ಲುಪೇಟೆಯಲ್ಲಿ ನನಗೆ ಇದು ಸಿಕ್ಕಿದ್ದರೆ ಅಣ್ಣನ ಅಂಗಡಿಯ ಕಡೆ ನಾನು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅದನ್ನು ನೆನೆದರೇ ಭಯವಾಗುತ್ತದೆ.

ಮಧ್ಯಾಹ್ನ ಊಟ ಮಾಡಿ ಏನೋ ಒಂದು ಧಾರಾವಾಹಿ ಹಚ್ಚಿಕೊಂಡು ತೂಕಡಿಸುವುದು ಅಭ್ಯಾಸವಾಯಿತು. ಕಂತಿನ ಮೇಲೆ ಕಂತು ತಾನೇ ಓಡುತ್ತದೆ. ಬಹಳ ಹೊತ್ತು ನಾನು ಏನನ್ನೂ ಒತ್ತದಿದ್ದರೆ ಟಿವಿ ತಾನೇ ನಿಂತು, ಇನ್ನೂ ನೋಡುತ್ತಿದ್ದೀರಾ ಎಂದು ಕೇಳುತ್ತದೆ. ಕಣ್ಣು ಬಿಟ್ಟಾಗ ಆ ಪ್ರಶ್ನೆ ಎದುರಿಗಿರುತ್ತದೆ. ಎಷ್ಟೋ ದಿನ ಈ ಮನೆಯಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಎಂದರೆ ಅದೊಂದೇ. ಇದ್ದೇನೆ ಎಂದು ಗಟ್ಟಿಯಾಗಿ ಹೇಳಿಬಿಟ್ಟದ್ದೂ ಉಂಟು.

ಇಂಥದರಲ್ಲಿ ಒಂದು ಬೆಳಿಗ್ಗೆ ದೊಡ್ಡಂಗಡಿ ಬೀದಿಯ ಔಷಧಿ ಅಂಗಡಿಯ ಮುಂದೆ ಅಣ್ಣ ಸಿಕ್ಕಿದರು. ಬೆನ್ನು ಬಾಗಿತ್ತು, ವಿಭೂತಿ ಹಾಗೇ ಇತ್ತು. ಇಲ್ಲೇ ಅಕ್ಕನ ಮಗನ ಮನೆಯಲ್ಲಿ ಇದ್ದಾರಂತೆ. ಅವರು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಊಟಕ್ಕೆ ಏನೂ ತೊಂದರೆಯಿಲ್ಲ ಎಂದರು. ಏನು ನೋಡುತ್ತೀರಿ ಅಣ್ಣ ಎಂದು ಕೇಳಿದೆ. ಮನೆಯಲ್ಲಿ ಎಲ್ಲರಿಗೂ ಒಂದೊಂದು ಫೋನಿದೆ, ನಾನು ಯಾರದನ್ನು ನೋಡಲಿ ಎಂದರು. ಭಾನುವಾರ ನಮ್ಮ ಮನೆಗೆ ಬನ್ನಿ ಎಂದು ಕರೆದೆ.

ಬಂದರು, ಕುರ್ಚಿಯ ತುದಿಯಲ್ಲಿ ಕೂತರು. ಟಿವಿ ಹಚ್ಚಿದೆ. ಎಂದಿನಂತೆ ಅದು ಪ್ರಶ್ನೆ ಕೇಳಿತು, ನಾನು ಅದರ ಅರ್ಥ ಹೇಳಿದೆ. ಅಣ್ಣ ನೆಟ್ಟಗಾಗಿ ಕೂತರು. ಅಷ್ಟು ಖುಷಿಯಾದದ್ದನ್ನು ನಾನು ಅಂಗಡಿಯಲ್ಲೂ ಕಂಡಿರಲಿಲ್ಲ.

"ಇದೂ ಕೇಳ್ತದಲ್ಲವ್ವ," ಎಂದರು. ಆಮೇಲೆ, "ಒಬ್ರೇ ಅಂದ್ರೆ ಏನ್ ಮಾಡ್ತದೆ?"

ಏನೂ ಮಾಡುವುದಿಲ್ಲ, ಕೇಳಿದ್ದನ್ನು ಕೊಡುತ್ತದೆ ಎಂದೆ. ಅವರು ಹಿಂದಕ್ಕೆ ಒರಗಿದರು. ಆ ದಿನವೇ ಅವರಿಗೆ ಇನ್ನೊಂದು ಮುಖ ಮಾಡಿಸಿ, ಕೆಳಗೆ ಅಣ್ಣ ಎಂದು ಬರೆದೆ.

ಅಲ್ಲಿಂದ ಮುಂದೆ ಭಾನುವಾರ ಮಧ್ಯಾಹ್ನಗಳು ಅವರವು. ನಾನು ಅನ್ನ ಸಾರು ಮಾಡಿಡುತ್ತಿದ್ದೆ, ಅವರು ಜೇಬಿನಲ್ಲಿ ಕಡಲೆಬೀಜ ತರುವರು. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಈ ವಯಸ್ಸಿನಲ್ಲಾದರೂ ನನ್ನ ಮೇಲೆ ಒಂದು ಸುದ್ದಿ ಹುಟ್ಟಲಿ ಎಂದು ನಾನೂ ಸುಮ್ಮನಿದ್ದೆ. ಅವರ ಮುಖವನ್ನೇ ಒತ್ತಿ ಒಳಗೆ ಹೋಗುತ್ತಿದ್ದೆವು, ಅವರು ಆರಿಸುತ್ತಿದ್ದುದು ಬಹಳ ನಿಧಾನ. ಸಾಲು ಸಾಲು ಚಿತ್ರಗಳು ಸರಿಯುವುದನ್ನು ನೋಡಿ, ಇಷ್ಟು ದೊಡ್ಡ ಅಂಗಡಿ, ಗಲ್ಲಾಪೆಟ್ಟಿಗೆಯ ಮುಂದೆ ಒಬ್ಬ ಆಳಿಲ್ಲ ಎಂದು ಪೇಚಾಡುವರು. ನಗಿಸುವ ಚಿತ್ರಗಳನ್ನೇ ಹೆಚ್ಚು ನೋಡಿದೆವು. ಒಟ್ಟಿಗೆ ನಕ್ಕೆವು, ನನಗೆ ನಾಚಿಕೆಯಾಗಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಆ ಸಾಲುಗಳ ನಡುವೆ ಅದು ಕಂಡಿತು, ಅಮ್ಮ ಕಥೆ ಹೇಳುತ್ತಿದ್ದ ಆ ಕಪ್ಪು ಬಿಳುಪು ಚಿತ್ರ. ನನ್ನ ಕೈ ರಿಮೋಟಿನ ಮೇಲೆ ನಿಂತಿತು. ಅಣ್ಣನ ಕಡೆ ನೋಡಿದೆ. ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

"ಆಕವ್ವ. ಇಬ್ರಿದ್ದೀವಲ್ಲ."

ಹಾಕಿದೆ. ಅರ್ಧದವರೆಗೆ ನೋಡಿದೆವು. ಅಣ್ಣನ ಕಿರುಬೆರಳು ಕುರ್ಚಿಯ ಕೈ ಮೇಲೆ ತಿರುಗುತ್ತಲೇ ಇತ್ತು. ಅಲ್ಲಿಗೆ ಎದೆಯ ಹತ್ತಿರ ಏನೋ ಹಿಡಿದಂತೆ ಆಗುತ್ತಿದೆ, ಉಳಿದದ್ದು ಬರುವ ವಾರ ನೋಡೋಣ ಎಂದರು. ಆಸ್ಪತ್ರೆಗೆ ಹೋಗೋಣವೇ ಅಂದರೆ, ಗ್ಯಾಸು ಬುಡವ್ವ ಎಂದು ಕೈ ಆಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಇದನ್ನು ಹಿಂದಕ್ಕೆ ಸುತ್ತುವುದು ಬೇಡವೇ ಎಂದು ಕೇಳಿದರು. ಬೇಡ ಅಣ್ಣ, ನಾವು ಎಲ್ಲಿ ನಿಲ್ಲಿಸಿದೆವು ಎಂದು ಅದೇ ನೆನಪಿಟ್ಟುಕೊಳ್ಳುತ್ತದೆ ಅಂದೆ. ಮತ್ತೆ ಮುಂದಿನವರಿಗೆ ಹೇಗೆ ಎಂದರು. ಮುಂದಿನವರಿಗೆ ಅವರದೇ ಬೇರೆ ಇರುತ್ತದೆ ಎಂದು ವಿವರಿಸಿದೆ. ಅವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದರು.

ಆ ವಾರದ ನಡುವೆಯೇ ಹೃದಯಾಘಾತವಾಯಿತು. ಅಕ್ಕನ ಮಗ ಫೋನು ಮಾಡಿ ತಿಳಿಸಿದ. ಗುಂಡ್ಲುಪೇಟೆಯ ಬಳಿ ಅವರ ಹಿರಿಯರ ಜಮೀನಿನಲ್ಲಿ, ಹೆಂಡತಿಯ ಪಕ್ಕದಲ್ಲಿ ಸಮಾಧಿ ಮಾಡಿದರು. ನಾನು ಬಸ್ಸಿನಲ್ಲಿ ಹೋದೆ. ನನ್ನನ್ನು ಯಾರೆಂದು ಯಾರೂ ಕೇಳಲಿಲ್ಲ, ಹೇಳಬೇಕಾಗಿದ್ದರೆ ನನಗೂ ತಿಳಿಯುತ್ತಿರಲಿಲ್ಲ. ಹೆಂಗಸರ ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಬಂದೆ. ಪಕ್ಕದ ಹೊಲದಲ್ಲಿ ಸೂರ್ಯಕಾಂತಿ ತಲೆ ಬಾಗಿಸಿತ್ತು. ಗಿಡಗಳ ಮೇಲೆ ದಾರಕ್ಕೆ ಕಟ್ಟಿದ ಸೀಡಿಗಳು ಗಾಳಿಗೆ ತಿರುಗುತ್ತಿದ್ದವು. ನಾನು ಅತ್ತದ್ದು ಅವನ್ನು ನೋಡಿದ ಮೇಲೆ.

ಆಮೇಲಿನ ಭಾನುವಾರಗಳ ವಿಷಯ ಏನು ಬರೆಯಲಿ. ಅನ್ನಕ್ಕೆ ಅಕ್ಕಿ ಹೆಚ್ಚು ಹಾಕಿಬಿಟ್ಟು ರಾತ್ರಿಗೂ ಅದನ್ನೇ ಉಣ್ಣುತ್ತಿದ್ದೆ. ಕೆಲವೊಮ್ಮೆ ಟಿವಿ ಹಚ್ಚಿ ಅಣ್ಣನ ಮುಖವನ್ನು ಒತ್ತಿ ಒಳಗೆ ಹೋಗುತ್ತಿದ್ದೆ. 'ಮುಂದುವರಿಸಿ' ಎಂಬ ಸಾಲಿನಲ್ಲಿ ಆ ಚಿತ್ರ, ಅದರಡಿ ಒಂದು ಕೆಂಪು ಗೆರೆ. ಗೆರೆ ಅರ್ಧಕ್ಕೆ ನಿಂತಿದೆ. ಅದನ್ನು ನೋಡಿ ಹೊರಗೆ ಬರುತ್ತಿದ್ದೆ. ಮುಂದಕ್ಕೆ ಒಬ್ಬಳೇ ನೋಡಲಾರೆ; ಅಮ್ಮ ಹೇಳದೆ ಬಿಟ್ಟ ಆ ಕೊನೆ ಏನೆಂದು ತಿಳಿಯದೆ ಇರಲೂ ಮನಸ್ಸಿಲ್ಲ. ಇರಲಿ, ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೆ.

ಹೋಗುತ್ತದೆ ಎಂದು ಕಳೆದ ತಿಂಗಳು ತಿಳಿಯಿತು. ಚಿತ್ರದ ಮೇಲೆ ಒಂದು ಸಣ್ಣ ಪಟ್ಟಿ ಬಂದಿತ್ತು: ಈ ತಿಂಗಳ ಕೊನೆಯವರೆಗೆ ಮಾತ್ರ. ತಮ್ಮನ ಮಗಳಿಗೆ ಫೋನು ಮಾಡಿದೆ. ಹಾಗೇ ಅತ್ತೆ, ಅವರ ಒಪ್ಪಂದ ಮುಗಿದರೆ ತೆಗೆದುಬಿಡುತ್ತಾರೆ, ಮತ್ತೆ ಯಾವಾಗ ಬರುತ್ತದೋ ಹೇಳಲಾಗದು ಎಂದಳು. ಅಣ್ಣನ ಕಪಾಟಿನಲ್ಲಿ ಅದು ಎಷ್ಟು ವರ್ಷ ಕಾದು ಕೂತಿತ್ತು. ಚಿತ್ರ ಹೋದರೆ ಆ ಗೆರೆಯೂ ಹೋಗುತ್ತದೆ. ಅಣ್ಣ ನನ್ನ ಮನೆಯಲ್ಲಿ ಬಿಟ್ಟುಹೋದ ಗುರುತು ಅದೊಂದೇ.

ಕೊನೆಯ ಭಾನುವಾರ ಬಂತು. ಬೆಳಗಿನಿಂದ ಟಿವಿಯ ಮುಂದೆ ಕೂರುವುದು, ಏಳುವುದು ಇಷ್ಟೇ ಮಾಡಿದೆ. ಸಂಜೆಯಾಗುತ್ತಿದ್ದಂತೆ ಮಂಡಿ ನೋವನ್ನು ಲೆಕ್ಕಿಸದೆ ಮಹಡಿ ಹತ್ತಿದೆ. ಮೇಲಿನ ಕೋಣೆಯಲ್ಲಿರುವ ಹುಡುಗಿ ಪವಿತ್ರ ಬದನಗುಪ್ಪೆಯ ಕಾರ್ಖಾನೆಗೆ ಹೋಗುವವಳು. ಊರು ಹನೂರಿನ ಆಚೆ. ಶಿಫ್ಟಿಗೆ ಹೋಗುವಾಗ ಬರುವಾಗ ಗೇಟಿನ ಸದ್ದು ಕೇಳುತ್ತದೆ, ಅಷ್ಟೇ ನಮ್ಮ ಪರಿಚಯ. ಬಾಗಿಲು ತೆರೆದಾಗ ಅವಳ ಕಿವಿಯಲ್ಲಿ ವೈರಿತ್ತು, ಕೈಯ ಫೋನಿನಲ್ಲಿ ಏನೋ ಓಡುತ್ತಿತ್ತು. ಹಿಂದೆ ಮಡಿಸಿಟ್ಟ ಬಟ್ಟೆಗಳು, ಒಂದೇ ತಟ್ಟೆ, ಒಂದೇ ಲೋಟ. ಗುಂಡ್ಲುಪೇಟೆಯ ನನ್ನ ಕೋಣೆಯನ್ನೇ ನೋಡಿದ ಹಾಗಾಯಿತು. ಕೆಳಗೆ ಬಾ, ಒಂದು ಚಿತ್ರ ನೋಡೋಣ ಎಂದೆ. ಅವಳಿಗೆ ಆಶ್ಚರ್ಯ. ಹೆಸರು ಹೇಳಿ ಆಂಟಿ, ನನ್ನ ಫೋನಿನಲ್ಲೇ ಆಮೇಲೆ ನೋಡಿಕೊಳ್ಳುತ್ತೇನೆ ಎಂದಳು.

"ಅದನ್ನ ಒಬ್ಬರಿಗೆ ಕೊಡೋದಿಲ್ಲ ಕಣವ್ವ," ಎಂದೆ.

ಯಾರು ಕೊಡಲ್ಲ ಎಂದು ನಗುತ್ತ ಕೇಳಿದಳು, ಕೇಳುತ್ತಲೇ ಚಪ್ಪಲಿ ಹಾಕಿಕೊಂಡಳು.

ಟಿವಿ ಪ್ರಶ್ನೆ ಕೇಳಿತು. ನಾನು ಅಣ್ಣನ ಮುಖವನ್ನು ಒತ್ತಿದೆ. ಆ ಅಣ್ಣ ಯಾರು ಎಂದಳು. ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟಿದ್ದರು, ಆಮೇಲೆ ಹೇಳುತ್ತೇನೆ ಎಂದೆ. ಚಿತ್ರ ಬಂತು, ಅದರಡಿ ಕೆಂಪು ಗೆರೆಯೂ ಬಂತು. ಹುಡುಗಿಯ ಕಣ್ಣು ಚುರುಕು.

"ಅರ್ಧ ಆಗೋಗದಲ್ಲ ಆಂಟಿ. ಇಲ್ಲಿಂದ್ಲೇ ಆಕಿ ಬುಡಿ, ಎಂಗೋ ಅರ್ಥ ಮಾಡ್ಕತೀನಿ."

ಎದುರಿಗೆ ಎರಡು ಗುಂಡಿಗಳಿದ್ದವು. ಒಂದು ಮುಂದುವರಿಸು, ಇನ್ನೊಂದು ಮೊದಲಿನಿಂದ. ಮುಂದುವರಿಸಿದರೆ ಅಣ್ಣ ಎದ್ದುಹೋದ ಜಾಗದಿಂದ ಶುರುವಾಗುತ್ತದೆ. ಮೊದಲಿನಿಂದ ಎಂದರೆ ಗೆರೆ ಅಳಿಸಿಹೋಗುತ್ತದೆ.

ಮುಂದಿನವರು ಮೊದಲಿನಿಂದ ನೋಡಬೇಕಲ್ಲ. ಒತ್ತಿದೆ.

ಗೆರೆ ಹೋಯಿತು. ಟೇಪು ಹಿಂದಕ್ಕೆ ಸುತ್ತುವ ಸದ್ದೇನೂ ಬರಲಿಲ್ಲ, ಬಂದಂತೆ ನನಗೇ ಕೇಳಿಸಿತು. ಪಕ್ಕಕ್ಕೆ ತಿರುಗಿದೆ. ಪವಿತ್ರ ಕಿವಿಯ ವೈರು ತೆಗೆದು, ಫೋನನ್ನು ಬೋರಲು ಹಾಕಿ, ಅಣ್ಣನ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಳು.

"ಅಳ್ಸೋ ಪಿಕ್ಚರ್ರಾ ಆಂಟಿ?" ಎಂದಳು.

ಹೌದು, ಅದಕ್ಕೇ ಇಬ್ಬರು ಬೇಕು ಅಂದೆ.